ಮುಂದಿನ ಆದೇಶದವರೆಗೆ

ಕಲಬುರಗಿ

ಪ್ರೀತಿಯ ಅಳಿಯಾ,

ನಿನ್ನೆ ನಿನ್ನ ಅವ್ವ ಫೋನ್ ಮಾಡಿದ್ದಳು. ಪುರಸಭೆಯ ನಾಮನಿರ್ದೇಶಿತ ಸದಸ್ಯರ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆಯಂತೆ. ಬಸ್ ಸ್ಟ್ಯಾಂಡ್ ಮುಂದೆ ಆಗಲೇ ಫ್ಲೆಕ್ಸ್ ಕಟ್ಟಿದ್ದಾರಂತೆ. ಖುಷಿಯಾಯ್ತು. ಆಮೇಲೆ ಮೆಲ್ಲಗೆ, "ಬೀಜ-ಗೊಬ್ಬರದ ಅಂಗಡಿ ಯಾರಿಗಾದರೂ ಕೊಟ್ಟುಬಿಡ್ತೀನಿ ಅಂತಾನೆ" ಅಂದಳು. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ನೀನು "ಹೂಂ ಮಾವ" ಅಂದು ಮುಗಿಸಿಬಿಡ್ತೀಯ.

ನಾನು 32 ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನು. ಇಂಥ ಆದೇಶಗಳನ್ನು ಎಷ್ಟು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಆದೇಶ ಕೈಗೆ ಬಂದ ಕೂಡಲೇ ಎಲ್ಲರೂ ತಮ್ಮ ಹೆಸರು ಹುಡುಕುತ್ತಾರೆ. ನೀನು ಮೊದಲು ಅವಧಿಯ ಸಾಲು ಓದು. "ಮುಂದಿನ ಆದೇಶದವರೆಗೆ" ಎಂದೋ, ಅದೇ ಅರ್ಥದ ಇನ್ನೊಂದು ಮಾತೋ ಇರುತ್ತದೆ. ನಿನ್ನ ಕುರ್ಚಿ ನಿಂತಿರುವುದು ಸರ್ಕಾರದ ಮರ್ಜಿಯ ಮೇಲೆ. ಮರ್ಜಿ ಅನ್ನುವ ಮಾತು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾ? 1948ರವರೆಗೆ ನಾವು ನಿಜಾಮರ ಫರ್ಮಾನಿನಲ್ಲೇ ಬದುಕಿದವರು. ಬೆಂಗಳೂರಿನಲ್ಲಿ ಸರ್ಕಾರ ಬದಲಾದಾಗ ಹಳೆಯ ನಾಮನಿರ್ದೇಶನಗಳನ್ನೆಲ್ಲ ಒಂದೇ ಆದೇಶದಲ್ಲಿ ರದ್ದು ಮಾಡುವುದನ್ನು ನೀನೂ ನೋಡಿದ್ದೀಯ. ಅವತ್ತು ಯಾರೂ ಫ್ಲೆಕ್ಸ್ ಕಟ್ಟುವುದಿಲ್ಲ.

ಇನ್ನೊಂದು ಮಾತು. ನಿಮ್ಮ ವಾರ್ಡಿನ ಸದಸ್ಯರು ತೀರಿಕೊಂಡು ಖಾಲಿಯಾದ ಜಾಗಕ್ಕೇ ನಿನ್ನನ್ನು ಹಾಕಿದ್ದಾರೆ ಅಂತ ಊರಲ್ಲಿ ಮಾತಾಡ್ತಾರಂತೆ. ನೀನೂ ಸುಮ್ನೆ ತಲೆ ಆಡಿಸ್ತೀಯಂತೆ. ಅದು ತಪ್ಪು. ಜನ ಆರಿಸಿದ ಕುರ್ಚಿ ಖಾಲಿಯಾದರೆ ಜನರೇ ತುಂಬಬೇಕು, ಅಂದರೆ ಉಪಚುನಾವಣೆ ಆಗಬೇಕು. ಅದನ್ನು ಶಾಸಕರ ಪತ್ರವೂ ತುಂಬುವುದಿಲ್ಲ, ಮಂತ್ರಿಗಳ ಸಹಿಯೂ ತುಂಬುವುದಿಲ್ಲ. ನಿನ್ನ ಕುರ್ಚಿಯೇ ಬೇರೆ. 1964ರ ಪುರಸಭೆಗಳ ಕಾಯ್ದೆಯಲ್ಲಿ ಸರ್ಕಾರ ಐದು ಜನರವರೆಗೆ ನೇಮಿಸಬಹುದು. ಪುರಸಭೆ ಆಡಳಿತ, ಆರೋಗ್ಯ, ನಗರ ಯೋಜನೆ, ಶಿಕ್ಷಣ ಇವುಗಳಲ್ಲಿ ತಿಳಿವಳಿಕೆ ಇರುವವರು, ಇಲ್ಲವೇ ಸಮಾಜ ಸೇವಕರು ಆಗಿರಬೇಕು. ನಿನ್ನನ್ನು ಯಾವ ಲೆಕ್ಕದಲ್ಲಿ ತೆಗೆದುಕೊಂಡರು ಅಂತ ನಾನು ಕೇಳುವುದಿಲ್ಲ. ನೀನೇ ಒಮ್ಮೆ ಕೇಳಿಕೋ.

ಮತ್ತೆ, ಓಟು ಇಲ್ಲ. ಸಭೆಯಲ್ಲಿ ಕೂರಬಹುದು, ಮಾತಾಡಬಹುದು. ಕೈ ಎತ್ತುವ ಹೊತ್ತು ಬಂದಾಗ ನಿನ್ನ ಕೈ ಲೆಕ್ಕಕ್ಕಿಲ್ಲ. ಸಂವಿಧಾನದ 243ಆರ್ ವಿಧಿಯೇ ಹಾಗೆ ಹೇಳುತ್ತದೆ. ಬೆಂಗಳೂರಿನ ವಿಧಾನ ಪರಿಷತ್ತಿನಲ್ಲೂ 75ರಲ್ಲಿ 11 ಜನ ನಾಮನಿರ್ದೇಶಿತರು. ಅವರು ಓಟು ಹಾಕುತ್ತಾರೆ. ಹೆಸರು ಒಂದೇ, ಹಕ್ಕು ಬೇರೆ. ಅಧ್ಯಕ್ಷರ ಆಯ್ಕೆಯ ದಿನ ಯಾರಾದರೂ ನಿನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ರೆಸಾರ್ಟಿಗೆ ಕರೆದರೆ, ಅವರಿಗೂ ಕಾಯ್ದೆ ಗೊತ್ತಿಲ್ಲ ಅಂತ ತಿಳಿ.

ಈಗ ನನ್ನ ಕಥೆ. ನಿನ್ನ ಅವ್ವನಿಗೂ ಪೂರ್ತಿ ಹೇಳಿಲ್ಲ. ನಾನಿದ್ದ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಹುದ್ದೆ ಖಾಲಿಯಾಯಿತು. ಬಡ್ತಿ ಪಟ್ಟಿ ತಯಾರಾಗಲಿಲ್ಲ. ಕರ್ನಾಟಕ ಸೇವಾ ನಿಯಮಗಳ 32ನೇ ನಿಯಮದಲ್ಲಿ ನನಗೆ ಪ್ರಭಾರ ಕೊಟ್ಟರು. ಮೇಲಿನ ಕುರ್ಚಿಯಲ್ಲಿ ಕೆಳಗಿನವನನ್ನು ಕೂರಿಸುವ ನಿಯಮ ಅದು. ಕೆಲಸ ಪೂರ್ತಿ, ಜವಾಬ್ದಾರಿ ಪೂರ್ತಿ, ಜ್ಯೇಷ್ಠತೆ ಮಾತ್ರ ಸೊನ್ನೆ. ನಾನು ಪೇಂಟರ್‌ನನ್ನು ಕರೆಸಿ ಬೋರ್ಡಿನಲ್ಲಿ ನನ್ನ ಹೆಸರು ಬರೆಸಿದೆ. ಹೆಸರಿನ ಮುಂದೆ "ಪ್ರಭಾರ" ಅಂತ ಹಾಕಲಾ ಅಂತ ಅವನು ಕೇಳಿದ. ಬೇಡ ಅಂದೆ. ಮೂರು ವರ್ಷ ಕಳೆಯಿತು. ಒಂದು ಸೋಮವಾರ ಬೆಳಿಗ್ಗೆ ಬೇರೊಬ್ಬರು ಆದೇಶ ಹಿಡಿದು ಬಂದರು. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಜವಾನ ಸೀಮೆಎಣ್ಣೆ ಬಟ್ಟೆಯಲ್ಲಿ ನನ್ನ ಹೆಸರು ಉಜ್ಜುತ್ತಿದ್ದ. ನನ್ನ ಕಂಡು ಅವನಿಗೇ ನಾಚಿಕೆಯಾಯ್ತು ಪಾಪ. ನಾನು ಕಿಟಕಿ ಪಕ್ಕದ ಹಳೆಯ ಮೇಜಿಗೆ ಹೋಗಿ ಕೂತೆ. ಆದೇಶದಲ್ಲಿ ಅನ್ಯಾಯ ಏನೂ ಇರಲಿಲ್ಲ. ಓದಿಕೊಳ್ಳದೆ ಇದ್ದವನು ನಾನು.

ಈ ಪ್ರಭಾರದ ಚಾಳಿಯಲ್ಲಿ ನಮ್ಮ ಭಾಗಕ್ಕೆ ಆಗುವ ನಷ್ಟ ದೊಡ್ಡದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ 2013ರಿಂದ ಇಲ್ಲಿನ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳು ಶೇ 80, ಗ್ರೂಪ್ ಡಿ ಹುದ್ದೆಗಳು ಶೇ 85 ನಮ್ಮವರಿಗೆ ಮೀಸಲು. ಆದರೆ ಮೀಸಲಾತಿ ನಡೆಯುವುದು ನೇಮಕಾತಿ ಆದಾಗ. ಇರುವವರಲ್ಲೇ ಒಬ್ಬರಿಗೆ ಎರಡು ಕುರ್ಚಿ ಹಂಚಿದರೆ ನೇಮಕಾತಿ ಎಲ್ಲಿ ಆಯ್ತು? ನಿನ್ನ ತಂಗಿ ಇಲ್ಲಿ ನಮ್ಮ ಮನೆಯಲ್ಲಿದ್ದು ಪರೀಕ್ಷೆಗೆ ಓದುತ್ತಿದ್ದಾಳೆ. ಅಧಿಸೂಚನೆ ಕಾಯುವುದೇ ಅವಳಿಗೆ ಒಂದು ಕೆಲಸವಾಗಿದೆ.

ಹಾಗಂತ ಆರಿಸಿ ಬಂದವರ ಕುರ್ಚಿಯೂ ಗಟ್ಟಿ ಅಂತಲ್ಲ. ನಮ್ಮ ಮಹಾನಗರ ಪಾಲಿಕೆಯನ್ನೇ ನೋಡು. 2021ರ ಸೆಪ್ಟೆಂಬರ್‌ನಲ್ಲಿ 55 ವಾರ್ಡಿಗೂ ಮತದಾನ ಆಯ್ತು. ಮೇಯರ್ ಆಯ್ಕೆಯಾದದ್ದು 2023ರ ಮಾರ್ಚ್‌ನಲ್ಲಿ. ಅಷ್ಟೂ ದಿನ ಗೆದ್ದವರು ಹಾರ ಒಣಗಿಸಿಕೊಂಡು ಮನೆಯಲ್ಲಿ ಕೂತರು, ಆಡಳಿತಾಧಿಕಾರಿ ಕೆಲಸ ನಡೆಸಿದರು. ಆದರೂ ಒಂದು ವ್ಯತ್ಯಾಸ ಇದೆ. ಅವರನ್ನು ಕಾಯಿಸಬಹುದಿತ್ತು. ಒಂದು ಹಾಳೆಯಲ್ಲಿ ಮನೆಗೆ ಕಳಿಸಲು ಆಗುತ್ತಿರಲಿಲ್ಲ.

ಅಂಗಡಿ ಮುಚ್ಚಬೇಡ. ಮುಂಗಾರು ಬಂತು, ತೊಗರಿ ಬಿತ್ತುವ ಹೊತ್ತು. ಈ ಎರಡು ತಿಂಗಳು ಗಿರಾಕಿ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದರೆ ಮತ್ತೆ ಬರುವುದು ಕಷ್ಟ. ಸಭೆ ಇದ್ದ ದಿನ ಹುಡುಗನನ್ನು ಕೂರಿಸಿ ಹೋಗು.

ಸಭೆಗೆ ಮಾತ್ರ ತಪ್ಪದೆ ಹೋಗು. ಓಟು ಇಲ್ಲದವನಿಗೆ ಬಾಯಿ ಜಾಸ್ತಿ ಬೇಕು. ಮೊದಲ ಸಭೆಯಲ್ಲೇ ಒಂದು ಪ್ರಶ್ನೆ ಬರೆದು ಕೊಡು. ನಮ್ಮ ಪುರಸಭೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಪ್ರಭಾರದಲ್ಲಿ ಎಷ್ಟು, ಯಾವಾಗಿನಿಂದ. ಉತ್ತರ ಲಿಖಿತವಾಗಿ ಕೇಳು, ನಡಾವಳಿಯಲ್ಲಿ ದಾಖಲಾಗಲಿ. ಎಂಜಿನಿಯರ್ ಕುರ್ಚಿ ಖಾಲಿ ಇರುವ ಊರಲ್ಲಿ ಚರಂಡಿ ಬಗ್ಗೆ ಕೂಗಾಡಿ ಏನು ಬಂತು? ಹಾಗೇ ಆ ಖಾಲಿ ವಾರ್ಡಿನ ಮನೆಗಳಿಗೂ ಹೋಗಿ ಬಾ. ಉಪಚುನಾವಣೆಗೆ ನಿಲ್ಲುವ ಮನಸ್ಸಿದ್ದರೆ ಈಗಿನಿಂದಲೇ ಮುಖ ತೋರಿಸು, ಫ್ಲೆಕ್ಸಿನಲ್ಲಿ ಬೇಡ.

ಬರುವ ವಾರ ಕಲಬುರಗಿಗೆ ಬಾ. ಆದೇಶದ ಪ್ರತಿ ತೆಗೆದುಕೊಂಡು ಬಾ, ಕೂತು ಓದೋಣ. ಶರಣಬಸವೇಶ್ವರ ಅಪ್ಪನ ಗುಡಿಗೂ ಹೋಗಿ ಬರೋಣ. ನಿನ್ನ ಅತ್ತೆ ಹೊಸ ತೊಗರಿಬೇಳೆ ಐದು ಕಿಲೋ ತರಲು ಹೇಳಿದ್ದಾಳೆ. ಮರೆತರೆ ಬೈಗುಳ ನನಗೆ.

ಇಂತಿ,
ನಿನ್ನ ಸೋದರಮಾವ