ಮೀಟರ್ ಬದಲಿಸುವ ಮುನ್ನ ವೈರ್ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಸ್ಪೋರ್ಟ್ಸ್ ಕಾರುಗಳ ಜೀರ್ಣೋದ್ಧಾರದ ಕುರಿತು ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುವ ಬರಹಗಳನ್ನು ನಾನು ಆಸಕ್ತಿಯಿಂದ ಓದುತ್ತೇನೆ. ಎಂಜಿನ್, ಬಣ್ಣ, ಸೀಟಿನ ತೊಗಲು, ಕ್ರೋಮ್ ಲೇಪನ ಇವೆಲ್ಲಕ್ಕೂ ಅಲ್ಲಿ ಧಾರಾಳವಾಗಿ ಜಾಗ ಸಿಗುತ್ತದೆ. ಚಾಲಕನ ಕಣ್ಣೆದುರಿಗೇ ಇರುವ ಮೀಟರ್‌ಗಳ ವಿಷಯ ಬಂದಾಗ ಮಾತ್ರ "ಮೀಟರ್ ಹೋಗಿದೆ, ಹೊಸದು ಹಾಕಿಸಿ" ಎಂಬ ಒಂದೇ ಸಾಲಿನಲ್ಲಿ ಮಾತು ಮುಗಿಯುತ್ತದೆ. ಪೆಟ್ರೋಲಿನ ಮುಳ್ಳು ಏಳದಿರಲಿ, ಉಷ್ಣಾಂಶದ ಮುಳ್ಳು ಸದಾ ಕೆಂಪು ಗೆರೆಯತ್ತ ವಾಲಿರಲಿ, ಸಲಹೆ ಅದೇ. ಈ ಸಲಹೆ ಹೆಚ್ಚಿನ ಸಂದರ್ಭಗಳಲ್ಲಿ ಏಕೆ ತಪ್ಪು ಎಂಬುದನ್ನು ಕಾರಣಸಹಿತ ತಿಳಿಸುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಡ್ಯಾಶ್‌ಬೋರ್ಡಿನ ವಿದ್ಯುತ್ ಮೀಟರ್ ತಾನೊಂದೇ ನಿಂತು ಕೆಲಸ ಮಾಡುವ ವಸ್ತುವಲ್ಲ. ಟ್ಯಾಂಕಿನೊಳಗೆ ತೇಲುವ ಫ್ಲೋಟ್, ಅದರ ಏರಿಳಿತವನ್ನು ವಿದ್ಯುತ್ ರೋಧವಾಗಿ ಬದಲಿಸುವ ಸೆಂಡರ್, ಅಲ್ಲಿಂದ ಮುಂದಕ್ಕೆ ಬರುವ ವೈರ್, ಅದರ ಕನೆಕ್ಟರ್‌ಗಳು, ಫ್ಯೂಸ್, ಕಾರಿನ ಲೋಹದ ಮೈಗೆ ಕೂಡುವ ಅರ್ಥ್ (ಅರ್ಥಿಂಗ್ ಸಂಪರ್ಕ), ಇವೆಲ್ಲವೂ ಸರಿಯಿದ್ದರಷ್ಟೇ ಮುಳ್ಳು ನಿಜ ಹೇಳುತ್ತದೆ. ಇವುಗಳ ಪೈಕಿ ಮೀಟರ್ ಮಾತ್ರ ಗಾಜಿನ ಹಿಂದೆ ಒಣಗಿದ ಜಾಗದಲ್ಲಿ ಕುಳಿತಿರುತ್ತದೆ. ಉಳಿದವು ಕೆಸರು, ತೇವ, ಬಿಸಿ ಮತ್ತು ಅದುರುವಿಕೆಯ ನಡುವೆಯೇ ದಶಕಗಳನ್ನು ಕಳೆದಿರುತ್ತವೆ. ಕೆಡುವುದು ಯಾವುದು ಎಂದು ಊಹಿಸುವುದು ಕಷ್ಟವಲ್ಲ. ಆದರೂ ಮೊದಲು ಬಿಚ್ಚುವುದು ಮೀಟರನ್ನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ ಇದು.

ಪೆಟ್ರೋಲ್ ಮೀಟರನ್ನೇ ತೆಗೆದುಕೊಳ್ಳೋಣ. ಸೆಂಡರ್‌ಗೆ ಹೋಗುವ ವೈರನ್ನು ಕಳಚಿಟ್ಟು ಕೀ ತಿರುಗಿಸಿದರೆ ಮುಳ್ಳು ಒಂದು ತುದಿಯಲ್ಲಿ ನಿಲ್ಲಬೇಕು. ಅದೇ ವೈರನ್ನು ಅರ್ಥ್‌ಗೆ ಕೊಟ್ಟಾಗ ಇನ್ನೊಂದು ತುದಿಯತ್ತ ಸರಿಯಬೇಕು. ಹೀಗಾದರೆ ಮೀಟರೂ ಸರಿಯಿದೆ, ಅಲ್ಲಿಯವರೆಗಿನ ವೈರೂ ಸರಿಯಿದೆ, ದೋಷ ಟ್ಯಾಂಕಿನ ಕಡೆಗಿದೆ ಎಂದರ್ಥ. ಈ ಪರೀಕ್ಷೆಗೆ ಒಂದು ಸ್ಕ್ರೂಡ್ರೈವರ್ ಮತ್ತು ಒಂದು ತುಂಡು ವೈರ್ ಸಾಕು. ಆದರೆ ಎರಡು ಎಚ್ಚರಿಕೆಗಳನ್ನು ಹೇಳದೆ ಬಿಡುವಂತಿಲ್ಲ. ಟ್ಯಾಂಕಿನ ಬಳಿ ಪೆಟ್ರೋಲ್ ಆವಿ ಇರುವುದರಿಂದ ವೈರನ್ನು ಜೋಡಿಸುವುದು, ಕಳಚುವುದು ಎರಡನ್ನೂ ಕೀ ಆಫ್ ಮಾಡಿಯೇ ಮಾಡಬೇಕು. ಅಲ್ಲಿ ಕಿಡಿ ಹಾರಬಾರದು. ಮುಳ್ಳು ನಿಧಾನವಾಗಿ ಏರುವ, ಬಿಸಿಯಿಂದ ಕೆಲಸ ಮಾಡುವ ಮೀಟರ್ ಆಗಿದ್ದರೆ ವೈರನ್ನು ನೇರವಾಗಿ ಅರ್ಥ್‌ಗೆ ಕೊಟ್ಟು ಹಾಗೆಯೇ ಬಿಡಬಾರದು, ಒಳಗಿನ ತಂತಿ ಸುಟ್ಟುಹೋಗುವ ಅಪಾಯವಿದೆ. ನಡುವೆ ಸೂಕ್ತ ರೆಸಿಸ್ಟರ್ ಇಡುವುದು ಒಳ್ಳೆಯದು.

ಟ್ಯಾಂಕಿನ ಕಡೆ ಹೋದ ಮೇಲೂ ಸೆಂಡರನ್ನು ಕಿತ್ತು ಬಿಸಾಡುವ ಆತುರ ಬೇಡ. ಮೊದಲು ಅದರ ಅರ್ಥ್ ನೋಡಬೇಕು. ಹೊಸದಾಗಿ ಬಣ್ಣ ಬಳಿದ ಕಾರುಗಳಲ್ಲಿ ಮೀಟರ್‌ಗಳು ಒಮ್ಮೆಲೇ ಸತ್ತುಹೋಗಲು ಅತಿ ಸಾಮಾನ್ಯ ಕಾರಣವೆಂದರೆ, ಲೋಹ ಲೋಹಕ್ಕೆ ತಾಗಬೇಕಾದ ಜಾಗದಲ್ಲಿ ಬಣ್ಣ ಕುಳಿತಿರುವುದು. ಅದೂ ಸರಿಯಿದ್ದರೆ, ಹಿತ್ತಾಳೆಯ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿ ಮುಳುಗಿರಬಹುದು, ಅಥವಾ ರೋಧದ ಸಣ್ಣ ತಂತಿ ಒಂದೆಡೆ ಸವೆದಿರಬಹುದು. ಮಲ್ಟಿಮೀಟರ್ ಹಿಡಿದು ಫ್ಲೋಟನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಾಗ ರೋಧವನ್ನು ಅಳೆಯುವ ಓಮ್ ಅಂಕಿ ಎಲ್ಲಿಯೂ ಕಡಿದುಹೋಗದೆ ಏರಿಳಿಯಬೇಕು. ಕಡಿದುಹೋದ ಜಾಗವೇ ದೋಷದ ಜಾಗ.

1960ರ ದಶಕದ ನಡುಭಾಗದ ನಂತರದ ಅನೇಕ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಇನ್ನೊಂದು ಭಾಗವಿದೆ. ಅದನ್ನು ಅರಿಯದೆ ಎಷ್ಟು ಒಳ್ಳೆಯ ಮೀಟರ್‌ಗಳು ಕಸದ ಬುಟ್ಟಿ ಸೇರಿವೆಯೋ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ವೋಲ್ಟೇಜ್ ಸ್ಟೆಬಿಲೈಜರ್, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಲೋಹದ ಡಬ್ಬಿ. ಟ್ರಯಂಫ್ ಟಿಆರ್6ನಂಥ ಕಾರುಗಳಲ್ಲಿ ಪೆಟ್ರೋಲ್ ಮತ್ತು ಉಷ್ಣಾಂಶದ ಮೀಟರ್‌ಗಳೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಪಟ್ಟಿಯಿದ್ದು, ಅದರ ಸುತ್ತ ಸುತ್ತಿದ ತಂತಿ ಬಿಸಿಯಾದಂತೆ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಬ್ಯಾಟರಿಯ ವೋಲ್ಟೇಜ್ ಎಂಜಿನ್ ನಿಂತಾಗ ಸುಮಾರು 12.6, ಓಡುವಾಗ ಸುಮಾರು 14 ಇರುವುದರಿಂದ, ನೇರವಾಗಿ ಅದನ್ನೇ ಕೊಟ್ಟರೆ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ಇದ್ದರೂ ಮುಳ್ಳು ಬೇರೆ ಬೇರೆ ಕಡೆ ನಿಲ್ಲುತ್ತದೆ. ಸ್ಟೆಬಿಲೈಜರ್ ವಿದ್ಯುತ್ತನ್ನು ಬಿಟ್ಟು ಬಿಟ್ಟು ಹರಿಸಿ ಸರಾಸರಿ 10 ವೋಲ್ಟ್ ಆಗುವಂತೆ ನೋಡಿಕೊಳ್ಳುತ್ತದೆ. ಅದು ಕೆಟ್ಟರೆ ಒಂದು ಮೀಟರ್ ಮಾತ್ರ ಸುಳ್ಳು ಹೇಳುವುದಿಲ್ಲ, ಎರಡೂ ಒಟ್ಟಿಗೆ ಸುಳ್ಳು ಹೇಳುತ್ತವೆ: ಎರಡೂ ಸತ್ತಿದ್ದರೆ ಒಳಗೆ ಸಂಪರ್ಕ ಕಡಿದಿದೆ, ಎರಡೂ ಅಗತ್ಯಕ್ಕಿಂತ ಮೇಲೆ ತೋರಿಸುತ್ತಿದ್ದರೆ ಸಂಪರ್ಕ ಅಂಟಿಕೊಂಡಿದೆ ಅಥವಾ ಡಬ್ಬಿಯ ಅರ್ಥ್ ತಪ್ಪಿದೆ. ಈ ಅರ್ಥ್ ಆ ಡಬ್ಬಿಯನ್ನು ಹಿಡಿದಿರುವ ಒಂದೇ ಸ್ಕ್ರೂ ಮೂಲಕ ಸಿಗುವುದರಿಂದ, ಸಡಿಲವಾದ ಸ್ಕ್ರೂ ಬಿಗಿ ಮಾಡಿದೊಡನೆ "ಬಿಸಿಯಾಗುತ್ತಿದ್ದ" ಎಂಜಿನ್ ತಣ್ಣಗಾದ ಪ್ರಸಂಗಗಳುಂಟು. ಎಂಜಿನ್ ಎಂದೂ ಬಿಸಿಯಾಗಿರಲೇ ಇಲ್ಲ. ಹೀಗಿರುವಾಗ ರೇಡಿಯೇಟರ್ ತೊಳೆಸಿ, ಥರ್ಮೋಸ್ಟಾಟ್ ಬದಲಿಸಿ, ಕೊನೆಗೆ ಮೀಟರನ್ನೂ ಬದಲಿಸಿದ ಮಾಲೀಕರ ಹಣ ಮತ್ತು ಶ್ರಮ ವ್ಯರ್ಥವಾದಂತೆಯೇ.

ಈಗ ದೊರೆಯುವ ಎಲೆಕ್ಟ್ರಾನಿಕ್ ಸ್ಟೆಬಿಲೈಜರ್‌ಗಳು ಒಳ್ಳೆಯವೇ. ಆದರೆ ಬ್ಯಾಟರಿಯ ಪಾಸಿಟಿವ್ ತುದಿ ಅರ್ಥ್ ಆಗಿರುವ ಹಳೆಯ ಕಾರಿಗೆ ಮಾಮೂಲು ನೆಗೆಟಿವ್ ಅರ್ಥ್‌ನ ಭಾಗ ಹಾಕಿದರೆ ಅದು ಕೆಲಸ ಮಾಡದು. ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು ಕೂಡ 1968ರ ಮಾದರಿಯ ಹೊತ್ತಿಗಷ್ಟೇ ನೆಗೆಟಿವ್ ಅರ್ಥ್‌ಗೆ ಬದಲಾಯಿತು.

"ಹೊಸದು ಹಾಕಿಸಿ" ಎನ್ನುವವರು ಮರೆಯುವ ಇನ್ನೊಂದು ಸಂಗತಿಯೆಂದರೆ ಎಲ್ಲ ಸೆಂಡರ್‌ಗಳೂ ಒಂದೇ ಅಳತೆಯವಲ್ಲ. ಜರ್ಮನಿಯ ವಿಡಿಒ ಮೀಟರ್‌ಗಳಿಗೆ ಸಾಮಾನ್ಯವಾಗಿ ಖಾಲಿ ಟ್ಯಾಂಕಿಗೆ 10 ಓಮ್, ತುಂಬಿದ್ದಕ್ಕೆ 180 ಓಮ್. ಜನರಲ್ ಮೋಟಾರ್ಸ್‌ನ ಹಲವು ಹಳೆಯ ಕಾರುಗಳಲ್ಲಿ ಅದು 0ಯಿಂದ 90. ಎರಡನೆಯ ಬಗೆಯ ಮೀಟರನ್ನು ಮೊದಲನೆಯ ಬಗೆಯ ಸೆಂಡರ್‌ಗೆ ಜೋಡಿಸಿದರೆ ಟ್ಯಾಂಕ್ ಅರ್ಧ ತುಂಬಿರುವಾಗಲೇ ಮುಳ್ಳು ಪೂರ್ತಿ ತುಂಬಿದಂತೆ ತೋರಿಸುತ್ತದೆ. ಅಂದರೆ ಹಣ ಕೊಟ್ಟು ತಂದ ಹೊಸ ಮೀಟರ್, ಕೆಟ್ಟ ಹಳೆಯ ಮೀಟರ್‌ಗಿಂತ ಹೆಚ್ಚು ಅಪಾಯಕಾರಿ; ಸತ್ತ ಮುಳ್ಳನ್ನು ಯಾರೂ ನಂಬುವುದಿಲ್ಲ, ಆಡುವ ಮುಳ್ಳನ್ನು ಎಲ್ಲರೂ ನಂಬುತ್ತಾರೆ.

ನಂಬಿಕೆಯ ಮಾತು ಬಂದಾಗ ಮಾಜ್ದಾ ಎಂಎಕ್ಸ್-5ರ ವಿಷಯ ಹೇಳಲೇಬೇಕು. 1989ರಲ್ಲಿ ಬಂದ ಈ ಕಾರಿನ ಮೊದಲ ವರ್ಷಗಳ ಆಯಿಲ್ ಪ್ರೆಶರ್ ಮೀಟರ್ ನಿಜವಾದ ಒತ್ತಡವನ್ನೇ ತೋರಿಸುತ್ತಿತ್ತು. 1995ರ ಮಾದರಿಯಿಂದ ಅದರ ಹಿಂದೆ ಒಂದು ಸ್ವಿಚ್ ಅಷ್ಟೇ ಉಳಿಯಿತು: ಒತ್ತಡ ಒಂದು ಕನಿಷ್ಠ ಮಟ್ಟಕ್ಕಿಂತ ಮೇಲಿದ್ದರೆ ಮುಳ್ಳು ನಡುವೆ ಬಂದು ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಇಂಥ ಕಾರಿನ ಮಾಲೀಕರು ಮುಳ್ಳು ಅಲುಗದೆ ನಿಂತಿರುವುದನ್ನು ಕಂಡು ಮೀಟರ್ ಕೆಟ್ಟಿದೆಯೆಂದು ಬಿಚ್ಚಿಸುವುದೂ ತಪ್ಪು, ಎಂಜಿನ್ ಆರೋಗ್ಯವಾಗಿದೆಯೆಂದು ನಿಶ್ಚಿಂತರಾಗುವುದೂ ತಪ್ಪು. ಚಾಲಕನಿಗೆ ತಿಳಿಯದಂತೆ ಮೀಟರಿನ ಅರ್ಥವನ್ನೇ ಬದಲಿಸುವುದು ಸರಿಯಾದ ಪದ್ಧತಿಯಲ್ಲವೆಂದು ನಾನು ಭಾವಿಸುತ್ತೇನೆ.

ವಿದ್ಯುತ್ ಇಲ್ಲದ ಮೀಟರ್‌ಗಳ ಕಥೆ ಬೇರೆ. ಆಯಿಲ್ ಒತ್ತಡದ ಹಳೆಯ ಮೀಟರ್‌ಗಳಲ್ಲಿರುವುದು ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಕೊಳವೆ. ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ಯತ್ನಿಸಿ ಮುಳ್ಳನ್ನು ತಿರುಗಿಸುತ್ತದೆ. ಇಲ್ಲಿ ಎಂಜಿನ್ನಿನ ಬಿಸಿ ಆಯಿಲ್ ಸಣ್ಣ ನಳಿಕೆಯ ಮೂಲಕ ಡ್ಯಾಶ್‌ಬೋರ್ಡಿನವರೆಗೂ ಬರುವುದರಿಂದ, ನಳಿಕೆಯಲ್ಲಿ ಬಿರುಕು ಕಂಡರೆ ಅದನ್ನು ಬದಲಿಸುವುದನ್ನು ಮುಂದೂಡಬಾರದು. ಈಥರ್ ತುಂಬಿದ ತೆಳುವಾದ ತಾಮ್ರದ ನಳಿಕೆಯುಳ್ಳ ಉಷ್ಣಾಂಶದ ಮೀಟರ್‌ಗಳು ಕೆಡುವುದು ಹೆಚ್ಚಾಗಿ ದುರಸ್ತಿಯ ಹೊತ್ತಿನಲ್ಲೇ: ಎಂಜಿನ್ ಹೊರತೆಗೆಯುವಾಗ ನಟ್ಟಿನ ಜೊತೆ ನಳಿಕೆಯೂ ತಿರುಚಿ ಮುರಿಯುತ್ತದೆ, ಈಥರ್ ಹೊರಗೆ ಹೋಗುತ್ತದೆ. ನಳಿಕೆಯನ್ನು ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿದರೆ ಈ ನಷ್ಟ ತಪ್ಪುತ್ತದೆ. ಮುರಿದ ನಳಿಕೆಗೆ ಬೆಸುಗೆ ಹಾಕುವ ಕೆಲಸವನ್ನು ಪರಿಣತರಿಗೇ ಬಿಡಬೇಕು, ಈಥರ್ ಬಹಳ ಸುಲಭವಾಗಿ ಹೊತ್ತಿಕೊಳ್ಳುವ ದ್ರವ.

ಸ್ಪೀಡೋಮೀಟರಿನ ಮುಳ್ಳು ನಡುಗಿದರೆ ತಪ್ಪು ಸಾಮಾನ್ಯವಾಗಿ ಕೇಬಲ್‌ನದು: ಒಣಗಿರುತ್ತದೆ, ಅಥವಾ ಎಲ್ಲೋ ತೀರ ಕಡಿದಾಗಿ ಬಾಗಿರುತ್ತದೆ. ಗ್ರೀಸ್ ಹಾಕುವವರು ಮೀಟರಿನ ಕಡೆಯ ತುದಿಯನ್ನು ಒಣಗಿಯೇ ಬಿಡಬೇಕು, ಇಲ್ಲದಿದ್ದರೆ ತಿರುಗುವ ಕೇಬಲ್ ಗ್ರೀಸನ್ನು ಮೇಲಕ್ಕೆಳೆದು ಮೀಟರಿನೊಳಕ್ಕೆ ಸೇರಿಸುತ್ತದೆ. ವೇಗ ಸರಿಯಾಗಿ ತೋರಿಸಿ, ಓಡಿದ ದೂರ ತೋರಿಸುವ ಓಡೋಮೀಟರ್ ಮಾತ್ರ ನಿಂತಿದ್ದರೆ, ಪೋರ್ಷೆ 944ರಲ್ಲಿ ಆಗುವಂತೆ ಒಳಗಿನ ಸಣ್ಣ ಪ್ಲಾಸ್ಟಿಕ್ ಹಲ್ಲುಚಕ್ರ ಪುಡಿಯಾಗಿರಬಹುದು. ಆ ಒಂದು ಚಕ್ರ ಬದಲಿಸಿದರೆ ಸಾಕು. ಆರ್‌ಪಿಎಂ ಮೀಟರ್ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವುದು) ಎಲೆಕ್ಟ್ರಾನಿಕ್ ಇಗ್ನಿಷನ್ ಅಳವಡಿಸಿದ ದಿನವೇ ಸತ್ತಿದ್ದರೆ ಅದು ಕೆಟ್ಟಿಲ್ಲ. ಕಾಯಿಲ್‌ಗೆ ಹರಿಯುವ ಕರೆಂಟನ್ನು ಗ್ರಹಿಸಿ ಓಡುವ ಹಳೆಯ ಬಗೆಯ ಮೀಟರಿಗೆ ಹೊಸ ಇಗ್ನಿಷನ್ನಿನ ಮಿಡಿತ ಹೊಂದುತ್ತಿಲ್ಲ ಎಂದಷ್ಟೇ. ನಾಲ್ಕು ಸಿಲಿಂಡರಿನ ಕಾರಿನ ಮೀಟರನ್ನು ಆರು ಸಿಲಿಂಡರಿನ ಕಾರಿಗೆ ಹಾಕಿದರೂ ಅದು ಓಡುತ್ತದೆ, ಆದರೆ ನಿಜವಾದ ಅಂಕಿಯ ಒಂದೂವರೆ ಪಟ್ಟು ತೋರಿಸುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ದೋಷ ಮೀಟರಿನೊಳಗೇ ಇದೆಯೆಂದು ಖಚಿತವಾದರೆ ಬಿಚ್ಚಬೇಕಾಗುತ್ತದೆ. ಬ್ಯಾಟರಿ ಕಳಚದೆ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಬಾರದು. ವಿಶೇಷವಾಗಿ ಕರೆಂಟ್ ಅಳೆಯುವ ಅಮ್ಮೀಟರ್ ಇರುವ ಕಾರುಗಳಲ್ಲಿ ಅದರ ಮೂಲಕ ದೊಡ್ಡ ಕರೆಂಟ್ ಹರಿಯುತ್ತದೆ ಮತ್ತು ಹಲವು ಬಾರಿ ಅದಕ್ಕೆ ಫ್ಯೂಸ್ ಇರುವುದಿಲ್ಲ. ಪ್ರತಿ ವೈರ್ ಎಲ್ಲಿತ್ತೆಂದು ಫೋಟೋ ತೆಗೆದಿಡಬೇಕು, ಮುಳ್ಳು ಕೀಳುವ ಮೊದಲು ಅದು ನಿಂತಿದ್ದ ಜಾಗ ಗುರುತಿಸಬೇಕು, ಅಂಕಿಗಳಿರುವ ಫಲಕವನ್ನು ಯಾವ ದ್ರವದಿಂದಲೂ ಉಜ್ಜಬಾರದು. ಎರಡನೆಯ ಮಹಾಯುದ್ಧದ ಮುಂಚಿನ ಮತ್ತು ಅದರ ಆಸುಪಾಸಿನ ಕೆಲವು ಮೀಟರ್‌ಗಳ ಅಂಕಿಗಳಿಗೆ ವಿಕಿರಣಶೀಲ ರೇಡಿಯಂ ಬೆರೆಸಿದ ಹೊಳೆಯುವ ಬಣ್ಣ ಬಳಿದಿರುತ್ತಾರೆ. ಅದು ಈಗ ಹೊಳೆಯುವುದಿಲ್ಲವಾದರೂ, ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ, ಅಂದರೆ ಅದರ ವಿಕಿರಣ ಇನ್ನೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅಂಥ ಮೀಟರನ್ನು ಮನೆಯಲ್ಲಿ ತೆರೆಯುವುದು, ಕೆರೆಯುವುದು, ಅದರ ಪುಡಿಯನ್ನು ಊದುವುದು ಎಂದಿಗೂ ಸಲ್ಲದು.

ದುರಸ್ತಿ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು: ಮೀಟರ್ ಬದಲಿಸಿದಾಗ ಯಾವ ಯಾವ ಪರೀಕ್ಷೆ ಮಾಡಿ ಆ ತೀರ್ಮಾನಕ್ಕೆ ಬಂದಿರಿ ಎಂಬುದನ್ನು ಬಿಲ್ಲಿನಲ್ಲೇ ಬರೆದುಕೊಡಿ, ಕಳಚಿದ ಹಳೆಯ ಮೀಟರನ್ನು ಮಾಲೀಕರಿಗೆ ತಪ್ಪದೆ ಮರಳಿಸಿ. ಓಡೋಮೀಟರ್ ಬಿಚ್ಚಿದ್ದರೆ ಆಗಿದ್ದ ಅಂಕಿ, ಅಂದಿನ ದಿನಾಂಕ ಎರಡೂ ಆ ಬಿಲ್ಲಿನಲ್ಲಿರಲಿ. ಮುಂದೆ ಕಾರನ್ನು ಕೊಳ್ಳುವವರಿಗೆ ಅದನ್ನು ತಿಳಿಯುವ ಹಕ್ಕಿದೆ. ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಹಳೆಯ ಕಾರುಗಳ ಸೆಂಡರ್‌ಗಳ ಓಮ್ ಅಳತೆ, ಅರ್ಥ್‌ನ ಬಗೆ ಮತ್ತು ಸ್ಟೆಬಿಲೈಜರ್ ಇರುವ ಜಾಗವನ್ನು ಮಾದರಿವಾರು ಪಟ್ಟಿಯಾಗಿ ಪ್ರಕಟಿಸುವಂತೆ ತಮ್ಮಲ್ಲಿ ವಿನಂತಿಸುತ್ತೇನೆ. ಆಯಾ ಕಾರಿನ ಮೂಲ ಸರ್ವಿಸ್ ಕೈಪಿಡಿ ಹೊಂದಿರುವ ಓದುಗರು ಆ ಅಂಕಿಗಳನ್ನು ಕಳುಹಿಸಿಕೊಟ್ಟರೆ ಪಟ್ಟಿ ತಯಾರಿಸುವುದು ಕಷ್ಟವಾಗಲಾರದು.

ಇಂತಿ,
ಹಳೆಯ ಕಾರುಗಳ ಅಭಿಮಾನಿ ಓದುಗ