ನಾಲ್ಕನೆಯ ಹತ್ತು ಮಣಿ

ಹರೆಯದ ನೆನಪುಗಳ ನನ್ನ ಪುಸ್ತಕ ಕೊನೆಗೂ ಕೈಗೆ ಬಂತು. ಬರೆದು ಮುಗಿಸಲು ಆರು ವರ್ಷ ಹಿಡಿಯಿತು. ಮೊನ್ನೆ ಮಳೆಯಲ್ಲೂ ಬಿಡುಗಡೆಗೆ ಬಂದವರಿಗೆ, ತಪ್ಪು ತಿದ್ದಿದ ಗೆಳೆಯರಿಗೆ, ಪ್ರಕಾಶಕರಿಗೆ ಮನಸಾರೆ ವಂದನೆ. ಅಂದು ವೇದಿಕೆಯಲ್ಲಿ ಗಂಟಲು ಕಟ್ಟಿ ಮಾತು ಹೊರಡಲಿಲ್ಲ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅಜ್ಜಿಗೆ. ಮಂಗಳೂರಿನ ಕ್ಯಾಥೊಲಿಕರಾದ ನಮ್ಮ ಮನೆಮಾತು ಕೊಂಕಣಿ. ಆದರೆ ಅದನ್ನು ನಾವು ಓದುವುದು, ಬರೆಯುವುದು ಕನ್ನಡ ಅಕ್ಷರದಲ್ಲೇ. ಮನೆಗೆ ವಾರವಾರ 'ರಾಕ್ಣೊ' ಬರುತ್ತಿತ್ತು. 1938ರಲ್ಲಿ ಶುರುವಾದ ಪತ್ರಿಕೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಅಜ್ಜಿ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. ಆ ಬೆರಳಿನ ಹಿಂದೆಯೇ ನನ್ನ ಕಣ್ಣೂ ಹೋಗುತ್ತಿತ್ತು. ಶಾಲೆಗೆ ಸೇರುವ ಮೊದಲೇ ನನಗೆ ಕನ್ನಡ ಓದಲು ಬಂದದ್ದು ಹಾಗೆ.

ಆಮೇಲೆ ಅಮ್ಮನಿಗೆ. ದಿನಾ ಸಂಜೆ ಏಳಕ್ಕೆ ತೇರ್ಸ್, ಅಂದರೆ ಮನೆಯವರೆಲ್ಲ ಕೂತು ಹೇಳುವ ಜಪಮಾಲೆಯ ಪ್ರಾರ್ಥನೆ. ಜಪಮಣಿಯಲ್ಲಿ ಹತ್ತು ಹತ್ತರಂತೆ ಐದು ಸಲ ಮರಿಯಮ್ಮನವರ ಪ್ರಾರ್ಥನೆ 'ನಮಾನ್ ಮರಿಯೆ'. ಅಜ್ಜಿ, ಅಪ್ಪ, ಅಮ್ಮ, ನಾನು, ತಂಗಿ. ಒಬ್ಬೊಬ್ಬರು ಹತ್ತು ಹೇಳಬೇಕು, ನಾಲ್ಕನೆಯ ಹತ್ತು ನನ್ನದು. ನನಗೆ ಹದಿನೈದಾದಾಗ ಅಪ್ಪ ತೀರಿಕೊಂಡರು. ಅಪ್ಪನ ಹತ್ತನ್ನು ಅಮ್ಮ ಹೇಳತೊಡಗಿದರು. ನಾನು ದೇವರ ಮೇಲೆ ಸಿಟ್ಟು ಮಾಡಿಕೊಂಡು ಜಗಲಿಯಲ್ಲಿ ಕೂತೆ. ಎರಡು ವರ್ಷ ತೇರ್ಸಿಗೆ ಒಳಗೆ ಹೋಗಲಿಲ್ಲ. ಅಮ್ಮ ಒಂದು ದಿನವೂ ಬೈಯಲಿಲ್ಲ, ಕರೆಯಲೂ ಇಲ್ಲ. ಮೂರನೆಯದು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕಾಯುತ್ತಿದ್ದರು. ಆಮೇಲೆ ನನ್ನದನ್ನೂ ತಾವೇ ಹೇಳುತ್ತಿದ್ದರು.

ಆ ದಿನಗಳಲ್ಲೇ ಒಂದು ಶನಿವಾರ ಪಾಪನಿವೇದನೆಗೆ ಹೋಗಿ, ನನಗೆ ನಂಬಿಕೆಯೇ ಉಳಿದಿಲ್ಲ ಅಂದುಬಿಟ್ಟೆ. ಪಾದ್ರಿಗಳು ಉಪದೇಶ ಮಾಡಲಿಲ್ಲ. ಅಪ್ಪನ ಬಗ್ಗೆ ಕೇಳಿದರು. ನಾನು ಅತ್ತು ಮುಗಿಸುವವರೆಗೂ ಕಾದರು. ಹಿಂದೆ ಸಾಲು ಉದ್ದ ಇತ್ತು, ಅವರಿಗೆ ಅವಸರ ಇರಲಿಲ್ಲ. ಅವರೀಗ ಇಲ್ಲ. ಬದುಕಿರುವಾಗಲೇ ಹೋಗಿ ಹೇಳಬೇಕಿತ್ತು ಅಲ್ವಾ?

ಕೆಲಸಕ್ಕೆಂದು ಮುಂಬೈಗೆ ಬಂದ ಮೇಲೆ ಪ್ರತಿ ಸೆಪ್ಟೆಂಬರಿನಲ್ಲಿ ಅಮ್ಮನ ಕಾಗದ. 8ನೇ ತಾರೀಕು ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟುಹಬ್ಬ. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ. ಅದರ ಅಕ್ಕಿ ಸುಲಿದು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಹೊಸತು ಉಣ್ಣಬೇಕು. ದೂರ ಇದ್ದವರ ಪಾಲು ಅಂಚೆಯಲ್ಲಿ ಹೋಗುತ್ತದೆ. ಲಕೋಟೆ ಬಿಚ್ಚಿದರೆ ಮಡಿಸಿದ ಕಾಗದದೊಳಗೆ ನಾಲ್ಕೈದು ಅಕ್ಕಿ ಕಾಳು. ಹತ್ತೊಂಬತ್ತು ವರ್ಷ, ಒಂದು ಸಲವೂ ತಪ್ಪಲಿಲ್ಲ.

ಪುಸ್ತಕದ ಮೊದಲ ಪ್ರತಿ ಅಮ್ಮನ ಕೈಯಲ್ಲಿಟ್ಟೆ. ಅವರಿಗೀಗ ಕಣ್ಣು ಮಂಜು, ಓದಲಾಗುವುದಿಲ್ಲ. ಸಂಜೆ ತೇರ್ಸ್ ಆದ ಮೇಲೆ ತಂಗಿ ದಿನಕ್ಕೊಂದು ಅಧ್ಯಾಯ ಓದಿ ಹೇಳುತ್ತಿದ್ದಾಳೆ. ನಿನಗೂ ಥ್ಯಾಂಕ್ಸ್ ಕಣೇ. ಜಗಲಿಯ ಅಧ್ಯಾಯ ಮಾತ್ರ ಈಗ ಬಿಟ್ಟಿರು. ಊರಿಗೆ ಬಂದು ಅಮ್ಮನಿಗೆ ನಾನೇ ಓದುತ್ತೇನೆ.