ಆ ಆಣೆ ನಿನ್ನ ಮೇಲಲ್ಲ

ಪ್ರೀತಿಯ ಮಗಳೇ,

ಊರಿನ ಸಮಾಚಾರವೆಲ್ಲ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯ ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ಪ್ರಾರ್ಥನೆಗೆ ಕೂತರೆ ಸಂಶಯವೇ ಮುಂದೆ ಬರುತ್ತದೆ, 95ನೇ ಕೀರ್ತನೆಯಲ್ಲೂ ಅದನ್ನು ಎತ್ತಿ ಹೇಳುವ ಇಬ್ರಿಯರ ಪತ್ರಿಕೆಯಲ್ಲೂ ಇರುವಂತೆ ‘ಇವರು ನನ್ನ ವಿಶ್ರಾಂತಿಯಲ್ಲಿ ಸೇರುವುದಿಲ್ಲ’ ಎಂದು ದೇವರು ಆಣೆಯಿಟ್ಟದ್ದು ನನ್ನಂಥವರ ಮೇಲೇ ಏನೋ ಎಂದು ಬರೆದಿದ್ದೀಯೆ.

ಆ ಆಣೆ ಯಾರ ಮೇಲೆ ಬಿತ್ತೆಂದು ಮೊದಲು ನೋಡು. ಬೈಬಲಿನ ಅರಣ್ಯಕಾಂಡ 13, 14ನೇ ಅಧ್ಯಾಯ. ಐಗುಪ್ತದ, ಅಂದರೆ ಈಜಿಪ್ಟಿನ, ದಾಸತ್ವದಿಂದ ಬಿಡಿಸಿ ತಂದ ಇಸ್ರಾಯೇಲ್ಯರಿಗೆ ದೇವರು ಕೊಡುತ್ತೇನೆಂದಿದ್ದ ಕಾನಾನ್ ದೇಶವನ್ನು ನೋಡಿಬರಲು ಮೋಶೆ ಕಳುಹಿಸಿದ 12 ಮಂದಿ 40 ದಿನ ಅದನ್ನು ಸುತ್ತಿ, ಜನ ಪಾಳೆಯ ಹೂಡಿದ್ದ ಕಾದೇಶಿಗೆ ಮರಳಿದರು. ಎಷ್ಕೋಲ್ ತಗ್ಗಿನಲ್ಲಿ ಕೊಯ್ದ ಒಂದೇ ದ್ರಾಕ್ಷಿಗೊಂಚಲನ್ನು ಕೋಲಿಗೆ ಕಟ್ಟಿ ಇಬ್ಬರು ಹೊತ್ತು ತಂದಿದ್ದರು. ಜೊತೆಗೆ ದಾಳಿಂಬೆ, ಅಂಜೂರ. ಹಣ್ಣು ಕಣ್ಣೆದುರಿಗೇ ಇತ್ತು. ಆದರೂ 10 ಮಂದಿ, ಆ ಎತ್ತರದ ಜನರ ಮುಂದೆ ನಾವು ಮಿಡತೆಗಳಂತಿದ್ದೆವು ಎಂದರು. ಜನ ರಾತ್ರಿಯೆಲ್ಲ ಅತ್ತರು. ಬೇರೆ ನಾಯಕನನ್ನು ನೇಮಿಸಿಕೊಂಡು ಐಗುಪ್ತಕ್ಕೇ ಹಿಂತಿರುಗೋಣ ಎಂದರು, ತಡೆಯಬಂದ ಯೆಹೋಶುವ ಮತ್ತು ಕಾಲೇಬರನ್ನು ಕಲ್ಲೆಸೆದು ಕೊಲ್ಲಬೇಕೆಂದರು. ಸಮುದ್ರ ಇಬ್ಭಾಗವಾದದ್ದನ್ನು ಕಂಡವರು, ದೇವರು ಆಕಾಶದಿಂದ ಕೊಟ್ಟ ಆಹಾರವಾದ ಮನ್ನವನ್ನು ದಿನವೂ ತಿಂದವರು ಆಡಿದ ಮಾತು ಇದು. ಇಬ್ರಿಯರ ಪತ್ರಿಕೆ 3ನೇ ಅಧ್ಯಾಯದಲ್ಲಿ ಅಪನಂಬಿಕೆ ಎನ್ನುವುದು ಇದನ್ನೇ: ದಾರಿ ತಿಳಿದಿದ್ದೂ ಬೆನ್ನು ತಿರುಗಿಸುವುದನ್ನು. ಅಲ್ಲೇ ಪಕ್ಕದಲ್ಲಿ ಅವಿಧೇಯತೆಯ ಮಾತೂ ಇದೆ, ಎರಡನ್ನೂ ಬಿಡಿಸಿ ಓದಬೇಡ.

ದೇವರ ಮುಂದೆ ಕೂತು ಸಂಶಯ ಹೇಳಿಕೊಳ್ಳುವವರು ಬೇರೆ ಸಾಲಿನವರು. ಮಾರ್ಕ 9ರಲ್ಲಿ ಮೂರ್ಛೆ ಹೋಗುತ್ತಿದ್ದ ಹುಡುಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಒಂದೇ ಉಸಿರಿನಲ್ಲಿ ಕೂಗಿದ. ಅವನ ನಂಬಿಕೆ ಇನ್ನಷ್ಟು ಗಟ್ಟಿಯಾಗಲಿ ಎಂದು ಯೇಸು ಕಾಯಲಿಲ್ಲ, ಮಗನನ್ನು ವಾಸಿಮಾಡಿದ. ಯೇಸುವಿಗೆ ದಾರಿ ಸಿದ್ಧಮಾಡಿದ ಸ್ನಾನಿಕ ಯೋಹಾನನೂ ಸೆರೆಮನೆಯಿಂದ, ಬರಬೇಕಾದವನು ನೀನೋ, ಬೇರೊಬ್ಬನೋ ಎಂದು ಕೇಳಿಸಿದ. ಐಗುಪ್ತಕ್ಕೆ ಹೊರಟವರು ಹೀಗೆ ಕೇಳುವುದಿಲ್ಲ ಮಗಳೇ.

ನಾವು ಚಿಕ್ಕವರಿದ್ದಾಗ ಇಬ್ರಿಯರ ಪತ್ರಿಕೆಯ ಈ 3ನೇ ಅಧ್ಯಾಯ ಕೇಳಿಬರುತ್ತಿದ್ದದ್ದೇ ಹೆದರಿಸುವುದಕ್ಕೆ. 4ನೇ ಅಧ್ಯಾಯದ ಕೊನೆಯವರೆಗೆ ಯಾರೂ ಓದುತ್ತಿರಲಿಲ್ಲ. ನನ್ನ ಓರಗೆಯ ಎಷ್ಟೋ ಮಂದಿ ಅರ್ಧ ಓದಿನ ಹೆದರಿಕೆಯಲ್ಲೇ ಮುದುಕರಾದರು, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅದಕ್ಕೇ ನಿನ್ನ ಸಾಲು ನನ್ನನ್ನು ಇಷ್ಟು ಕಲಕಿತು.

ಎಚ್ಚರಿಕೆಯನ್ನು ಹಗುರ ಮಾಡುತ್ತಿಲ್ಲ. 20 ವರ್ಷ ಮತ್ತು ಮೇಲ್ಪಟ್ಟು ಎಣಿಕೆಯಾದ ಆ ಪೀಳಿಗೆ, ಯೆಹೋಶುವ ಮತ್ತು ಕಾಲೇಬರನ್ನು ಬಿಟ್ಟು, ಅರಣ್ಯದಲ್ಲೇ ಸತ್ತಿತು, ದಿನಕ್ಕೊಂದು ವರ್ಷದಂತೆ 40 ವರ್ಷ. ಆದರೆ ಅರಣ್ಯಕಾಂಡದ ಅದೇ 14ನೇ ಅಧ್ಯಾಯದ 20ನೇ ವಚನದಲ್ಲಿ ದೇವರು ಮೋಶೆಗೆ, ನಿನ್ನ ಮಾತಿನಂತೆ ಕ್ಷಮಿಸಿದ್ದೇನೆ ಎನ್ನುತ್ತಾನೆ. ಮನ್ನ ನಿಲ್ಲಲಿಲ್ಲ, ಧರ್ಮೋಪದೇಶಕಾಂಡದ ಪ್ರಕಾರ ಮೈಮೇಲಿನ ಬಟ್ಟೆಯೂ ಸವೆಯಲಿಲ್ಲ. ಮೋಶೆಗೂ ಕಾನಾನ್ ಪ್ರವೇಶ ಸಿಗಲಿಲ್ಲ, ಆದರೂ ಇಬ್ರಿಯರ ಪತ್ರಿಕೆ ಅವನನ್ನು ನಂಬಿಗಸ್ತನೆಂದೇ ಕರೆಯುತ್ತದೆ. ಆಣೆ ಬಿದ್ದ ಮೇಲೂ ದೇವರು ಆ ಜನರ ಕೈಬಿಡಲಿಲ್ಲ.

ಇನ್ನು ವಿಶ್ರಾಂತಿ. ಮನಸ್ಸಿನ ಗಲಿಬಿಲಿ ನಿಂತ ಮೇಲೆ ಸಿಗುವಂಥದ್ದು ಎಂದು ನೀನು ತಿಳಿದ ಹಾಗಿದೆ. ಪತ್ರಿಕೆಯ ವಾದ ಬೇರೆ. ಏಳನೆಯ ದಿನ ದೇವರು ವಿಶ್ರಮಿಸಿಕೊಂಡ. ಆದಿಕಾಂಡದಲ್ಲಿ ಉಳಿದ ಆರು ದಿನಕ್ಕಿರುವ ‘ಸಾಯಂಕಾಲ, ಪ್ರಾತಃಕಾಲ’ ಆ ದಿನಕ್ಕಿಲ್ಲ. ಯೆಹೋಶುವನು ಜನರನ್ನು ದೇಶದೊಳಗೆ ಸೇರಿಸಿದ. ಅದೇ ಕೊನೆಯ ವಿಶ್ರಾಂತಿಯಾಗಿದ್ದರೆ ಎಷ್ಟೋ ಕಾಲದ ಮೇಲೆ 95ನೇ ಕೀರ್ತನೆ, ‘ಈಹೊತ್ತು’ ದೇವರ ಶಬ್ದಕ್ಕೆ ಕಿವಿಗೊಡಿರಿ ಎಂದು ಏಕೆ ಕರೆಯಬೇಕು? ಹಾಗಾಗಿ ದೇವಜನರಿಗೆ ಸಬ್ಬತ್ತಿನ, ಅಂದರೆ ಆ ಏಳನೆಯ ದಿನದಂಥ, ವಿಶ್ರಾಂತಿಯೊಂದು ಇನ್ನೂ ಉಳಿದಿದೆ. ಅದು ಜಗದಾದಿಯಿಂದ ಸಿದ್ಧವಾಗಿರುವುದು, ನೀನು ಸಂಪಾದಿಸಬೇಕಾದದ್ದಲ್ಲ.

ಸಂಶಯ ಕಳೆಯಲು ವಾರಕ್ಕೆರಡು ಉಪವಾಸ ಹಿಡಿದಿದ್ದೇನೆ ಎಂದಿದ್ದೀಯಲ್ಲ, ಅಲ್ಲಿ ನನಗೆ ಭಯ. ಕಾದೇಶಿನ ಜನ ಮರುದಿನ ಬೆಳಿಗ್ಗೆ ಪಶ್ಚಾತ್ತಾಪದ ಆವೇಶದಲ್ಲಿ, ಮೋಶೆ ಬೇಡವೆಂದರೂ ಕೇಳದೆ, ಆ ದೇಶವನ್ನು ತಾವೇ ಗೆಲ್ಲಲು ಬೆಟ್ಟ ಹತ್ತಿಯೇಬಿಟ್ಟರು. ದೇವರ ಸಾನ್ನಿಧ್ಯದ ಗುರುತಾದ ಒಡಂಬಡಿಕೆಯ ಮಂಜೂಷವೂ ಮೋಶೆಯೂ ಪಾಳೆಯದಲ್ಲೇ ಉಳಿದಿದ್ದರು. ಅಮಾಲೇಕ್ಯರೂ ಕಾನಾನ್ಯರೂ ಅವರನ್ನು ಹೋರ್ಮಾದ ತನಕ ಅಟ್ಟಿ ಬಡಿದರು. ವಿಶ್ರಾಂತಿಯಲ್ಲಿ ಸೇರಿದವನು ತನ್ನ ಕೆಲಸಗಳನ್ನು ಮುಗಿಸಿ ವಿಶ್ರಮಿಸುತ್ತಾನೆ ಎಂದು ಇಬ್ರಿಯ 4:10 ಹೇಳುತ್ತದೆ. ಉಪವಾಸ ತಪ್ಪೆನ್ನಲಾರೆ, ಸಾಲ ತೀರಿಸುವ ಹಾಗೆ ಮಾಡಬೇಡ ಅಷ್ಟೇ.

ಬುದ್ಧಿ ಹೇಳುವ ಹಕ್ಕು ನನಗೆಷ್ಟಿದೆಯೋ, ಆದರೂ ಬರೆಯುತ್ತೇನೆ. ಇಬ್ರಿಯ 3:7ರಿಂದ 4:16ರವರೆಗೆ ನಡುವೆ ನಿಲ್ಲಿಸದೆ ಓದು. ಖಡ್ಗಕ್ಕಿಂತ ಹರಿತವಾದ ವಾಕ್ಯದ ಹತ್ತಿರ ಪುಸ್ತಕ ಮುಚ್ಚಿದರೆ, ನಮ್ಮ ಬಲಹೀನತೆಗೆ ಮರುಗುವ ಮಹಾಯಾಜಕನಾದ ಯೇಸು ನಿನಗೆ ಕಾಣುವುದೇ ಇಲ್ಲ. 95ನೇ ಕೀರ್ತನೆಯನ್ನೂ ಮೊದಲ ವಚನದಿಂದ ಓದು, ಅದು ಉತ್ಸಾಹಧ್ವನಿಯಿಂದ ಶುರುವಾಗುತ್ತದೆ. ಮತ್ತೆ 3:13: ಪ್ರತಿದಿನ ಒಬ್ಬರನ್ನೊಬ್ಬರು ಎಚ್ಚರಿಸಿರಿ ಎಂದಿದೆ, ಒಂಟಿಯಾಗಿ ಕೂತು ಎದೆ ಅಗೆದುಕೊಳ್ಳಿರಿ ಎಂದಿಲ್ಲ. ಸಭೆಯಲ್ಲಿ ನಂಬಿಕೆಯಾದ ಒಬ್ಬ ಹೆಂಗಸಿನ ಹತ್ತಿರವಾದರೂ ಬಾಯಿ ಬಿಡು. ಯಾರೂ ಇಲ್ಲವೆಂದರೆ ನನಗೇ ಬರೆ, ಉತ್ತರ ತಡವಾದೀತು, ಬರೆಯದೆ ಇರುವುದಿಲ್ಲ.

ಒಂದು ಮಾತ್ರ ಸ್ಪಷ್ಟವಾಗಿ ತಿಳಿಸು. ನಿನ್ನನ್ನು ಕಾಡುತ್ತಿರುವುದು ಉತ್ತರ ಸಿಗದ ಪ್ರಶ್ನೆಯೋ, ಅಥವಾ ದೇವರು ಹೋಗೆಂದದ್ದು ಗೊತ್ತಿದ್ದೂ ನೀನು ಹೋಗದಿರುವ ಯಾವುದಾದರೂ ದಾರಿಯೋ? ಎರಡಕ್ಕೂ ಒಂದೇ ಉತ್ತರ ಬರೆಯಲು ಆಗುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ